ಸೋಡಚೀಟಿ ಸಿಕ್ಕ ಮೇಲೆ ಎಲ್ಲಿಗೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಹಿರಿಯರ ಬಾಯಿಂದ ಕೇಳಬಹುದಾದ ಎರಡು ಮಾತುಗಳಿವೆ. ಒಂದು ‘ಸೋಡಚೀಟಿ’, ಇನ್ನೊಂದು ‘ಉಡಿಕೆ’. ಸೋಡಚೀಟಿ ಎಂದರೆ ಗಂಡ ಹೆಂಡತಿಯ ಸಂಬಂಧ ಕಡಿದುಕೊಂಡದ್ದಕ್ಕೆ ಪಂಚರ ಮುಂದೆ ಬರೆಸುತ್ತಿದ್ದ ಬಿಡುಗಡೆಯ ಪತ್ರ. ಮರಾಠಿಯಲ್ಲಿ ‘ಸೋಡ್’ ಎಂದರೆ ಬಿಡು. ಪೇಶ್ವೆಯರ ಕಾಲದಿಂದ ಮುಂಬೈ ಪ್ರಾಂತದ ಆಡಳಿತದವರೆಗೆ ಈ ಭಾಗದ ಕಾಗದಪತ್ರಗಳಲ್ಲಿ ಮರಾಠಿಯ ಪ್ರಭಾವ ಇದ್ದುದರಿಂದ ಆ ಶಬ್ದ ಕನ್ನಡದಲ್ಲಿಯೇ ಉಳಿದುಕೊಂಡಿತು. ಉಡಿಕೆ ಅಥವಾ ಸೀರುಡಿಕೆ ಎಂದರೆ ವಿಧವೆಗೋ ಗಂಡನಿಂದ ಬಿಡುಗಡೆ ಪಡೆದವಳಿಗೋ ಹೊಸ ಸೀರೆ ಉಡಿಸಿ ಮಾಡುತ್ತಿದ್ದ ಎರಡನೆಯ ಮದುವೆ. ಅದಕ್ಕೆ ಹಂದರವಿಲ್ಲ, ವಾದ್ಯವಿಲ್ಲ. ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ, ನಾಲ್ಕು ಜನರ ಎದುರಿಗೆ ಮುಗಿದುಹೋಗುತ್ತಿತ್ತು.

ವಿವಾಹ ವಿಚ್ಛೇದನ ಎಂಬುದು ಪಶ್ಚಿಮದಿಂದ ಬಂದದ್ದು, ಕಾಯ್ದೆಗಳು ಹುಟ್ಟಿಸಿದ್ದು ಎಂದು ತಿಳಿದವರು ಬಹಳ ಜನ. ಈ ಎರಡು ಶಬ್ದಗಳು ಬೇರೆಯದೇ ಕಥೆ ಹೇಳುತ್ತವೆ. ಧರ್ಮಶಾಸ್ತ್ರವನ್ನು ಬಿಗಿಯಾಗಿ ಹಿಡಿದ ಕೆಲವು ಜಾತಿಗಳನ್ನು ಬಿಟ್ಟರೆ, ಒಕ್ಕಲುತನ, ಕುರಿ ಸಾಕಣೆ, ಕೈಕಸುಬು, ಕೂಲಿಗಳನ್ನು ನಂಬಿದ ಸಮುದಾಯಗಳಲ್ಲಿ ಹೆಣ್ಣು ಗಂಡನ ಮನೆ ಬಿಟ್ಟು ಮತ್ತೊಂದು ಸಂಸಾರ ಹೂಡಲು ರೂಢಿಯಲ್ಲಿಯೇ ದಾರಿ ಇತ್ತು. ಹಾಗಿದ್ದರೆ ಹೊಡೆತ, ಹಸಿವು, ಸವತಿಯ ಕಾಟ ಎಲ್ಲವನ್ನೂ ನುಂಗಿಕೊಂಡು ಅಷ್ಟೊಂದು ಹೆಣ್ಣುಮಕ್ಕಳು ಗಂಡನ ಮನೆಯಲ್ಲಿಯೇ ಯಾಕೆ ಉಳಿದರು? ಬಿಟ್ಟು ಬಂದ ರಾತ್ರಿ ಮಲಗುವುದು ಎಲ್ಲಿ, ಮರುದಿನ ಉಣ್ಣುವುದು ಏನನ್ನು ಎಂಬ ಪ್ರಶ್ನೆಗೆ ರೂಢಿಯಲ್ಲಿ ಉತ್ತರವಿರಲಿಲ್ಲ. ಬಿಡುವ ಹಕ್ಕು ಬೇರೆ, ಬಿಡುವ ಶಕ್ತಿ ಬೇರೆ. ಮೊದಲನೆಯದನ್ನು ಪಂಚರು ಕೊಡಬಲ್ಲರು, ಕೋರ್ಟು ಕೊಡಬಲ್ಲದು. ಎರಡನೆಯದು ಬರುವುದು ಹೊಲದಿಂದ, ಮನೆಯಿಂದ, ಕೈಗೆ ಸಿಗುವ ಕೂಲಿಯಿಂದ.

ಬಿಡುಗಡೆಗೂ ಒಂದು ಬೆಲೆ

ಹಿಂದೆ ಈ ಭಾಗದ ಅನೇಕ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ‘ತೆರ’ ಕೊಟ್ಟು ಹೆಣ್ಣು ತರುವ ಪದ್ಧತಿ ಇತ್ತು. ಇಂದಿನ ವರದಕ್ಷಿಣೆಗೆ ಇದು ತದ್ವಿರುದ್ಧ. ಹೊಲಮನೆಯಲ್ಲಿ ದುಡಿಯುವ ಎರಡು ಕೈಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ, ಆ ನಷ್ಟವನ್ನು ತುಂಬಿಕೊಡಬೇಕು ಎಂಬ ಲೆಕ್ಕ ಅದರ ಹಿಂದೆ ಇತ್ತು. ಮೇಲುನೋಟಕ್ಕೆ ಇದು ಹೆಣ್ಣಿನ ದುಡಿಮೆಗೆ ಕೊಟ್ಟ ಬೆಲೆಯಂತೆ ಕಾಣುತ್ತದೆ. ಆದರೆ ಆ ಹಣ ಆಕೆಯ ಕೈಗೆ ಬರುತ್ತಿರಲಿಲ್ಲ. ಅವಳು ಗಂಡನನ್ನು ಬಿಡುವುದಾದರೆ ಕೊಟ್ಟ ತೆರವನ್ನೂ ಮದುವೆಯ ಖರ್ಚನ್ನೂ ಹಿಂದಿರುಗಿಸಬೇಕಾಗುತ್ತಿತ್ತು. ಅದನ್ನು ತವರಿನವರು ಕೊಡಬೇಕು, ಇಲ್ಲವೆ ಅವಳನ್ನು ಉಡಿಕೆ ಮಾಡಿಕೊಳ್ಳುವವನು ಕೊಡಬೇಕು. ತನ್ನದೆಂಬ ದುಡ್ಡು ಇಲ್ಲದವಳು ತನ್ನ ಬಿಡುಗಡೆಯನ್ನು ತಾನೇ ಕೊಳ್ಳುವಂತಿರಲಿಲ್ಲ. ಹೀಗಾಗಿ ಅವಳು ಒಬ್ಬ ಗಂಡಸಿನ ಮನೆಯಿಂದ ಇನ್ನೊಬ್ಬ ಗಂಡಸಿನ ಮನೆಗೆ ಹೋಗುತ್ತಿದ್ದಳೇ ಹೊರತು ತನ್ನದೇ ಮನೆಗೆ ಹೋದದ್ದು ಅಪರೂಪ. ಮಕ್ಕಳು ಸಾಮಾನ್ಯವಾಗಿ ತಂದೆಯ ಮನೆಯಲ್ಲಿಯೇ ಉಳಿಯುತ್ತಿದ್ದವು. ಬಿಡುಗಡೆಗೆ ತೆರಬೇಕಾದ ಬೆಲೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು.

ನವಾಬರ ಊರಾದ ಸವಣೂರಿನಲ್ಲಿ, ಅದರ ಸುತ್ತಲಿನ ಶಿಗ್ಗಾಂವಿ, ಹಾನಗಲ್ ಭಾಗಗಳಲ್ಲಿ ಮುಸ್ಲಿಂ ಕುಟುಂಬಗಳು ಸಾಕಷ್ಟಿವೆ. ಇಸ್ಲಾಮಿನಲ್ಲಿ ಮದುವೆ ಒಂದು ಕರಾರು. ಮದುವೆಯ ಸಮಯದಲ್ಲಿ ಗೊತ್ತುಮಾಡಿದ ಮೆಹರ್ ಹೆಣ್ಣಿಗೆ ಸೇರಿದ್ದು. ಹೆಣ್ಣು ತಾನಾಗಿ ಬಿಡುಗಡೆ ಬೇಡುವ ‘ಖುಲಾ’ ಎಂಬ ಕ್ರಮವೂ ಇದೆ. ಆದರೆ ಅಲ್ಲಿಯೂ ಅವಳು ಸಾಮಾನ್ಯವಾಗಿ ಮೆಹರನ್ನು ಬಿಟ್ಟುಕೊಟ್ಟು ಹೊರಬರಬೇಕು. ಎರಡು ಧರ್ಮ, ಎರಡು ಪದ್ಧತಿ, ಲೆಕ್ಕ ಮಾತ್ರ ಒಂದೇ: ಹೋಗುವವಳು ಬರಿಗೈಯಲ್ಲಿ ಹೋಗಬೇಕು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಂಡನ ಮನೆಯನ್ನು ಬಿಟ್ಟು ಬರುವ ಧೈರ್ಯ ಹತ್ತಾರು ಎಕರೆ ಹೊಲವಿದ್ದ ಗೌಡರ, ದೇಸಾಯರ ಮನೆಯ ಸೊಸೆಗಿಂತ ದಿನಗೂಲಿಯ ಹೆಂಗಸಿಗೆ ಹೆಚ್ಚು ಸಾಧ್ಯವಿತ್ತು. ಕಳೆ ತೆಗೆಯುವ, ನಾಟಿ ಮಾಡುವ ಕೈಗಳಿಗೆ ಯಾವ ಊರಿಗೆ ಹೋದರೂ ಕೆಲಸ ಸಿಗುತ್ತದೆ. ದೊಡ್ಡ ಮನೆಯ ಸೊಸೆಯ ಮೈಮೇಲೆ ಬಂಗಾರವಿದ್ದರೂ ಹೊಸ್ತಿಲಾಚೆಗೆ ಅವಳದೆಂಬುದು ಏನೂ ಇರಲಿಲ್ಲ. ಸಿರಿವಂತ ಮನೆಯಲ್ಲಿದ್ದ ಮಾತ್ರಕ್ಕೆ ಹೆಣ್ಣು ಸ್ವತಂತ್ರಳಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಿಧವೆಯರ ಸ್ಥಿತಿಯೂ ಹೀಗೆಯೇ ಇತ್ತು. 1856ರ ವಿಧವಾ ಪುನರ್ವಿವಾಹ ಕಾಯ್ದೆಯನ್ನು ಸಮಾಜ ಸುಧಾರಣೆಯ ಮೈಲಿಗಲ್ಲು ಎಂದು ಪಠ್ಯಪುಸ್ತಕಗಳು ಕೊಂಡಾಡುತ್ತವೆ. ಅದರ ಎರಡನೆಯ ಕಲಮನ್ನು ನೆನೆಯುವವರು ಕಡಿಮೆ. ಮರುಮದುವೆಯಾದ ವಿಧವೆ ಮೊದಲ ಗಂಡನ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಕಳೆದುಕೊಳ್ಳುತ್ತಾಳೆ ಎಂದು ಆ ಕಲಮು ಹೇಳಿತ್ತು. ಆ ಕಾಯ್ದೆ ಬರುವ ಮೊದಲಿನಿಂದಲೂ ಉಡಿಕೆಯ ರೂಢಿ ಇದ್ದ ಜಾತಿಗಳಿಗೂ ಈ ನಷ್ಟ ತಪ್ಪಿದ್ದಲ್ಲ ಎಂದು ಮುಂಬೈ ಹೈಕೋರ್ಟು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೀರ್ಪು ಕೊಟ್ಟಿತು. ಧಾರವಾಡ ಜಿಲ್ಲೆ ಆ ಹೈಕೋರ್ಟಿನ ವ್ಯಾಪ್ತಿಯಲ್ಲಿತ್ತು. ಉಡಿಕೆ ಬೇಕೋ, ಹೊಲ ಬೇಕೋ ಎಂಬ ಆಯ್ಕೆ ವಿಧವೆಯ ಮುಂದೆ ಬಂದು ನಿಂತಿತು.

ಒಂದು ಗಡಿ, ಎರಡು ಕಾಯ್ದೆ

ಈ ನಾಲ್ಕು ಊರುಗಳು ಇಂದು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಅವು ಧಾರವಾಡ ಜಿಲ್ಲೆಯಲ್ಲಿದ್ದವು. ಇನ್ನೂ ಹಿಂದೆ ಹೋದರೆ ಇಂದಿನ ಹಿರೇಕೆರೂರು ಭಾಗ ಕೋಡ ತಾಲ್ಲೂಕು ಎಂದೂ ಶಿಗ್ಗಾಂವಿ ಭಾಗ ಬಂಕಾಪುರ ತಾಲ್ಲೂಕು ಎಂದೂ ಕರೆಸಿಕೊಳ್ಳುತ್ತಿದ್ದವು. ಸವಣೂರು ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಹಾನಗಲ್, ಹಿರೇಕೆರೂರುಗಳ ದಕ್ಷಿಣದ ಗಡಿ ದಾಟಿದರೆ ಸೊರಬ, ಶಿಕಾರಿಪುರ. ಅವು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಭಾಷೆ ಒಂದೇ, ಬೆಳೆ ಒಂದೇ, ಹೆಣ್ಣು ಕೊಟ್ಟು ತರುವ ಬೀಗತನವೂ ಇತ್ತು. ಆದರೆ ಗಡಿಯ ಆಚೆ ಈಚೆ ಕಾಯ್ದೆಗಳು ಬೇರೆ ಬೇರೆ.

ಮುಂಬೈ ಪ್ರಾಂತದ ಸರ್ಕಾರ 1946ರಲ್ಲಿ ಹಿಂದೂ ಗಂಡಸರ ಬಹುಪತ್ನಿತ್ವವನ್ನು ನಿಷೇಧಿಸಿತು. 1947ರಲ್ಲಿ ಹಿಂದೂ ವಿವಾಹ ವಿಚ್ಛೇದನ ಕಾಯ್ದೆಯನ್ನು ತಂದಿತು. ಗಂಡ ನಾಲ್ಕು ವರ್ಷ ಸತತವಾಗಿ ತನ್ನನ್ನು ತೊರೆದಿದ್ದರೆ ಹೆಂಡತಿ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದಾಯಿತು. ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅಂದರೆ ಹಾನಗಲ್ಲಿನ ಹೆಣ್ಣಿಗೆ ಈ ಹಕ್ಕು ಎಂಟು ವರ್ಷ ಮೊದಲೇ ದೊರೆತಿತ್ತು. ಸವಣೂರು ಸಂಸ್ಥಾನ 1948ರಲ್ಲಿ ವಿಲೀನವಾದ ಬಳಿಕ ಅಲ್ಲಿಯೂ ಮುಂಬೈ ಪ್ರಾಂತದ ಆಡಳಿತ ಬಂತು.

ಗಡಿಯಾಚೆಯ ಮೈಸೂರಿನಲ್ಲಿ ಆಗ ಹಿಂದೂ ವಿಚ್ಛೇದನದ ಕಾಯ್ದೆ ಇರಲಿಲ್ಲ. ಆದರೆ 1933ರಲ್ಲಿಯೇ ಅಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಜಾರಿಗೆ ಬಂದಿತ್ತು. ಕುಟುಂಬದ ಆಸ್ತಿ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಮಗಳು ಇಂಥವರಿಗೂ ಒಂದು ಭಾಗ ಸಿಗಬೇಕೆಂದು ಅದು ವಿಧಿಸಿತು. ಹೀಗೆ ಶಿಕಾರಿಪುರದ ಹೆಣ್ಣಿಗೆ ಆಸ್ತಿಯ ಒಂದು ತುಣುಕು ಸಿಗಬಹುದಿತ್ತು, ಕೋರ್ಟಿನಲ್ಲಿ ವಿಚ್ಛೇದನ ಸಿಗುತ್ತಿರಲಿಲ್ಲ. ಹಿರೇಕೆರೂರಿನ ಹೆಣ್ಣಿಗೆ ವಿಚ್ಛೇದನ ಸಿಗಬಹುದಿತ್ತು, ಮಗಳಾಗಿ ತವರಿನ ಆಸ್ತಿಯಲ್ಲಿ ಭಾಗ ಸಿಗುತ್ತಿರಲಿಲ್ಲ. ಒಬ್ಬಳಿಗೆ ಬಾಗಿಲು, ಇನ್ನೊಬ್ಬಳಿಗೆ ಒಂದಿಷ್ಟು ನೆಲ. ಎರಡೂ ಒಟ್ಟಿಗೆ ಇದ್ದರೆ ಮಾತ್ರ ಪ್ರಯೋಜನ ಎಂಬುದು ಕಾಯ್ದೆ ಮಾಡಿದವರಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಇದು ನಮ್ಮಲ್ಲಿನ ವಿಳಂಬ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಕೋರ್ಟಿನ ಮೂಲಕ ವಿಚ್ಛೇದನಕ್ಕೆ ಅವಕಾಶವಾದದ್ದು 1857ರಲ್ಲಿ. ಮದುವೆಯಾದ ಹೆಣ್ಣು ತನ್ನ ಹೆಸರಿನಲ್ಲಿ ಪೂರ್ಣವಾಗಿ ಆಸ್ತಿ ಹೊಂದಬಹುದು ಎಂದಾದದ್ದು ಅದಕ್ಕೆ 25 ವರ್ಷಗಳ ಬಳಿಕ, 1882ರಲ್ಲಿ.

ಪಂಚಮಿಯ ಸೀರೆ, ಉತಾರದ ಹೆಸರು

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ತಂದೆಯ ಸ್ವಂತ ಆಸ್ತಿಯಲ್ಲಿ ಪಾಲು ಕೊಟ್ಟಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳದೇ ಆಗಿ ಉಳಿಯಿತು. ಕರ್ನಾಟಕ 1994ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕಾಗದದ ಮೇಲೆ ಇಂದು ಮಗನಿಗೂ ಮಗಳಿಗೂ ವ್ಯತ್ಯಾಸವಿಲ್ಲ.

ಹೊಲದ ಉತಾರವನ್ನು ಕೈಗೆತ್ತಿಕೊಂಡರೆ ಚಿತ್ರ ಬೇರೆ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಸಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಊರೂರಿನಲ್ಲಿ ಕಾಣುವ ಸಂಗತಿ. ಅದಕ್ಕೆ ಬದಲಾಗಿ ಒಂದು ಸೀರೆ, ಒಂದಿಷ್ಟು ಹಣ. ಹೆಣ್ಣುಮಕ್ಕಳು ತಿಳಿವಳಿಕೆ ಇಲ್ಲದೆ ಸಹಿ ಹಾಕುತ್ತಾರೆ ಎಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ಅವರಲ್ಲಿ ಬಹುಪಾಲು ಜನ ಲೆಕ್ಕ ಹಾಕಿಯೇ ಸಹಿ ಹಾಕುತ್ತಾರೆ. ಉತ್ತರ ಕರ್ನಾಟಕದ ಹೆಣ್ಣಿಗೆ ನಾಗರಪಂಚಮಿ ಎಂದರೆ ತವರಿನ ಹಬ್ಬ. ಅಣ್ಣ ಕರೆಯಲು ಬರುವುದು, ಜೋಕಾಲಿ, ಉಂಡಿ, ಹಿಂತಿರುಗುವಾಗ ಸೀರೆ. ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ಪದಗಳ ತುಂಬ ತವರು ಮತ್ತು ಅಣ್ಣತಮ್ಮಂದಿರು ತುಂಬಿಕೊಂಡಿರುವುದು ಸುಮ್ಮನೆ ಅಲ್ಲ. ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಲು ಇರುವುದು ಅದೊಂದೇ ಜಾಗ. ಪಾಲು ಕೇಳಿದರೆ ಆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಎಕರೆಗಳನ್ನು ಬಿಟ್ಟುಕೊಟ್ಟು ಅವಳು ತವರನ್ನು ಉಳಿಸಿಕೊಳ್ಳುತ್ತಾಳೆ. ಇದು ಒಂದು ಬಗೆಯ ವಿಮೆ.

ಈ ವಿಮೆಯಲ್ಲಿ ಒಂದು ತೊಡಕಿದೆ. ಅದು ಹಬ್ಬಕ್ಕೆ ಬಂದವಳಿಗೆ ಸಲ್ಲುತ್ತದೆ, ಇರಲು ಬಂದವಳಿಗೆ ಸಲ್ಲುವುದಿಲ್ಲ. ನಾಲ್ಕು ದಿನದ ಮಗಳು ಮನೆಯ ಲಕ್ಷ್ಮಿ, ನಾಲ್ಕು ತಿಂಗಳಾದರೆ ‘ಗಂಡ ಬಿಟ್ಟಾಕಿ’. ಹಾಗೆ ಬಿಟ್ಟುಹೋದ ಗಂಡಸಿಗೆ ಊರಿನಲ್ಲಿ ಅಂಥ ಹೆಸರು ಬೀಳುವುದಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸಿ ಮಕ್ಕಳಿಗೆ ಹಾಲು ಹಾಕಬೇಕಾದ ಸ್ಥಿತಿ ಬಂದಾಗ, ಸಹಿ ಹಾಕಿಕೊಟ್ಟ ಹೊಲ ನೆನಪಾಗುತ್ತದೆ. ಆಗ ‘ಹೊಂದಿಕೊಂಡು ಹೋಗವ್ವ’ ಎಂಬ ಹಿರಿಯರ ಬುದ್ಧಿವಾದಕ್ಕೆ ಅವಳಲ್ಲಿ ಉತ್ತರವಿರುವುದಿಲ್ಲ. ಅವಳು ಮರಳಿ ಹೋಗುತ್ತಾಳೆ. ರಾಜಿಯಾಯಿತೆಂದು ಪಂಚರು ಸಮಾಧಾನಪಡುತ್ತಾರೆ.

ಜೀವನಾಂಶದ ಹಾದಿ

ಗಂಡ ನೋಡಿಕೊಳ್ಳದಿದ್ದರೆ ಹೆಂಡತಿ ಜೀವನಾಂಶ ಕೇಳಬಹುದು ಎಂಬುದು ಬ್ರಿಟಿಷರ ಕಾಲದ ದಂಡ ಪ್ರಕ್ರಿಯಾ ಸಂಹಿತೆಯಿಂದಲೇ ಇದೆ. 1973ರ ಸಂಹಿತೆಯ 125ನೇ ಕಲಮು ವಿಚ್ಛೇದಿತ ಹೆಂಡತಿಯನ್ನೂ, ಆಕೆ ಮರುಮದುವೆಯಾಗುವ ತನಕ, ಇದರೊಳಗೆ ಸೇರಿಸಿತು. ಜಾತಿ, ಧರ್ಮಗಳ ಭೇದ ಅದಕ್ಕಿರಲಿಲ್ಲ. ಆದರೆ ಮೊತ್ತ ತಿಂಗಳಿಗೆ 500 ರೂಪಾಯಿ ಮೀರಬಾರದು ಎಂಬ ಮಿತಿ ಇತ್ತು. ಬೆಲೆಗಳು ಎಷ್ಟೇ ಏರಿದರೂ ಆ ಮಿತಿ ಏರಲಿಲ್ಲ. ಅದನ್ನು ತೆಗೆದುಹಾಕಿದ್ದು 2001ರಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ವಿಷಯ 144ನೇ ಕಲಮಿನಲ್ಲಿದೆ.

ಮುಸ್ಲಿಂ ಮಹಿಳೆಯರ ಜೀವನಾಂಶದ ಕಥೆ ಇನ್ನಷ್ಟು ಸುತ್ತುಬಳಸಿನದು. ಗಂಡ ಎರಡು ವರ್ಷ ಪೋಷಣೆ ಮಾಡದಿದ್ದರೆ ವಿಚ್ಛೇದನ ಕೇಳುವ ಹಕ್ಕನ್ನು 1939ರ ಕಾಯ್ದೆಯೇ ಕೊಟ್ಟಿತ್ತು. ವಿಚ್ಛೇದನದ ನಂತರದ ಜೀವನಾಂಶದ ಬಗ್ಗೆ 1985ರ ಶಾಬಾನೊ ತೀರ್ಪು, ಅದರ ಹಿಂದೆಯೇ 1986ರ ಕಾಯ್ದೆ ಬಂದವು. ಇದ್ದತ್ ಅವಧಿಯೊಳಗೆ ಗಂಡ ಆಕೆಯ ಮುಂದಿನ ಬದುಕಿಗೂ ಸಾಕಾಗುವಷ್ಟು ಏರ್ಪಾಡು ಮಾಡಬೇಕು ಎಂದು 2001ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಅರ್ಥೈಸಿತು. ವಿಚ್ಛೇದಿತ ಮುಸ್ಲಿಂ ಮಹಿಳೆ 125ನೇ ಕಲಮಿನಡಿಯೂ ಜೀವನಾಂಶ ಕೇಳಬಹುದು ಎಂದು 2024ರ ಜುಲೈನಲ್ಲಿ ಮತ್ತೊಮ್ಮೆ ಹೇಳಿತು.

ಕಲಮುಗಳು ಇಷ್ಟಿದ್ದರೂ ಹಳ್ಳಿಯ ಹೆಣ್ಣಿಗೆ ಹಣ ಕೈಸೇರುವುದು ಕಷ್ಟ. ಸಂಬಳದಾರನ ವರಮಾನವನ್ನು ಕಚೇರಿಯ ಕಾಗದದಿಂದ ತೋರಿಸಬಹುದು. ರೈತನ ವರಮಾನ ತೋರಿಸುವುದು ಹೇಗೆ? ಹೊಲ ಮಾವನ ಹೆಸರಿನಲ್ಲಿ, ಟ್ರ್ಯಾಕ್ಟರು ಮೈದುನನ ಹೆಸರಿನಲ್ಲಿ, ಸಾಲ ಮಾತ್ರ ಗಂಡನ ಹೆಸರಿನಲ್ಲಿ. ‘ನನ್ನದೆಂಬುದು ಏನೂ ಇಲ್ಲ’ ಎಂದು ಅವನು ಕೋರ್ಟಿನಲ್ಲಿ ಹೇಳಿದರೆ ಅಲ್ಲಗಳೆಯಲು ಅವಳ ಹತ್ತಿರ ಕಾಗದವಿಲ್ಲ. ಇದನ್ನು ಕಂಡೇ ಸುಪ್ರೀಂ ಕೋರ್ಟು 2020ರಲ್ಲಿ, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕೆಂದೂ ನಿರ್ದೇಶಿಸಿತು. ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತವಾಗಿ ಸಿಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಟ್ಟಿದೆ. ಆದರೆ ಪ್ರತಿ ತಾರೀಖಿಗೂ ಒಂದು ದಿನದ ಕೂಲಿ ಹೋಗುತ್ತದೆ. ಕಾಯುವ ತ್ರಾಣ ಯಾರಿಗಿದೆಯೋ ಅವರಿಗೆ ಮೊಕದ್ದಮೆ ಒಲಿಯುತ್ತದೆ.

ಆದ್ದರಿಂದಲೇ ಹಳೆಯ ಸೋಡಚೀಟಿ ಹೊಸ ರೂಪದಲ್ಲಿ ಬದುಕಿ ಉಳಿದಿದೆ. ಛಾಪಾ ಕಾಗದದ ಮೇಲೆ ಇಬ್ಬರೂ ಒಪ್ಪಿ ಬೇರೆಯಾದೆವೆಂದು ಬರೆಸಿ, ಸಾಕ್ಷಿ ಹಾಕಿಸುವುದು. 1955ರ ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿರುವುದು ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಇದೆಯೆಂದು ಕೋರ್ಟಿನಲ್ಲಿ ಸಾಬೀತುಪಡಿಸಬೇಕು, ಬರಿಯ ಕಾಗದ ಸಾಲದು ಎಂದು ಸುಪ್ರೀಂ ಕೋರ್ಟು 2002ರಲ್ಲಿ, ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿಯೇ ಹೇಳಿದೆ. ರೂಢಿ ಸಾಬೀತಾಗದಿದ್ದರೆ ಆ ಕಾಗದದ ಬಲದಿಂದ ಮಾಡಿಕೊಂಡ ಎರಡನೆಯ ಮದುವೆಯೂ ಬೀಳುತ್ತದೆ. ಇಂಥ ಕಾಗದಗಳಲ್ಲಿ ‘ಇನ್ನು ಮುಂದೆ ಜೀವನಾಂಶ ಕೇಳುವುದಿಲ್ಲ’ ಎಂಬ ಸಾಲನ್ನೂ ಸೇರಿಸುವುದುಂಟು. ಕೈಯಲ್ಲಿ ಕಾಸಿಲ್ಲದವಳು ಒಂದಿಷ್ಟು ಇಡಿಗಂಟಿಗೆ ಒಪ್ಪಿ ಸಹಿ ಹಾಕುತ್ತಾಳೆ. ಹಿಂದೆ ತೆರ ಮರಳಿಸಿ ಬಿಡುಗಡೆ ಪಡೆಯುತ್ತಿದ್ದರು, ಈಗ ಜೀವನಾಂಶ ಬಿಟ್ಟುಕೊಟ್ಟು ಪಡೆಯುತ್ತಾರೆ.

ದುಡಿಮೆ ಇದೆ, ದುಡ್ಡು ಯಾರದು?

ಈ ಸೀಮೆಯ ಹೆಣ್ಣುಮಕ್ಕಳು ದುಡಿಯುವುದಿಲ್ಲ ಎಂದು ಯಾರೂ ಹೇಳಲಾರರು. ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿ ನಾಟಿ ಅವರದೇ. ಪಕ್ಕದ ಬ್ಯಾಡಗಿಯ ಮಾರುಕಟ್ಟೆಗೆ ಬರುವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈಗಳು ಅವರವೇ. 1972ರಲ್ಲಿ ಧಾರವಾಡದಿಂದ ‘ವರಲಕ್ಷ್ಮಿ’ ಎಂಬ ಮಿಶ್ರತಳಿ ಹತ್ತಿ ಹೊರಬಂದ ಮೇಲೆ ಬೀಜೋತ್ಪಾದನೆ ಈ ಜಿಲ್ಲೆಯ ದೊಡ್ಡ ಉದ್ಯೋಗವಾಯಿತು. ಸಂಜೆ ಮೊಗ್ಗಿನ ಎಸಳನ್ನೂ ಕೇಸರವನ್ನೂ ಬಿಡಿಸಿಟ್ಟು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಒಂದೊಂದೇ ಹೂವಿಗೆ ಸವರುವ ನಾಜೂಕಿನ ‘ಕ್ರಾಸಿಂಗ್’ ಕೆಲಸವನ್ನು ಹೆಚ್ಚಾಗಿ ಮಾಡುವವರು ಹೆಂಗಸರು ಮತ್ತು ಹುಡುಗಿಯರು. ಆದರೆ ಬೀಜ ಕಂಪನಿಯ ಕರಾರು ಗಂಡಸಿನ ಹೆಸರಿನಲ್ಲಿ, ಹಣವೂ ಅವನ ಖಾತೆಗೆ. ಸ್ವಂತ ಹೊಲದಲ್ಲಿ ದುಡಿದವಳಿಗೆ ಕೂಲಿಯೆಂಬುದೇ ಇಲ್ಲ.

ಹಣ ಹೆಣ್ಣಿನ ಹೆಸರಿಗೆ ಬರಲು ಆರಂಭವಾದದ್ದು ಈಚಿನ ಇಪ್ಪತ್ತೈದು ವರ್ಷಗಳಲ್ಲಿ. ಸ್ತ್ರೀಶಕ್ತಿ ಸಂಘಗಳು ಬಂದವು. ಉದ್ಯೋಗ ಖಾತರಿ ಕೆಲಸದಲ್ಲಿ ಗಂಡು ಹೆಣ್ಣಿಗೆ ಸಮಾನ ಕೂಲಿ ಬಂತು. 2023ರಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆಯೂ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ‘ಗೃಹಲಕ್ಷ್ಮಿ’ ಯೋಜನೆಯೂ ಬಂದವು. ಕೋರ್ಟಿನ ತಾರೀಖಿಗೆ ಹೋಗುವವಳಿಗೆ ಬಸ್ಸಿನ ಖರ್ಚು ಉಳಿದದ್ದು ಸಣ್ಣ ಮಾತಲ್ಲ. ಆದರೂ ಒಂದು ಕೊರತೆ ಇದೆ. ಗೃಹಲಕ್ಷ್ಮಿಯ ಹಣ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಒಬ್ಬಳಿಗೆ ಮಾತ್ರ. ಅಣ್ಣನ ಮನೆಯಲ್ಲಿ ಇರುವವಳಿಗೆ ಆ ಚೀಟಿಯಲ್ಲಿ ಯಜಮಾನಿಕೆ ಇರುವುದಿಲ್ಲ. ಬಡ ಅವಿವಾಹಿತ, ವಿಚ್ಛೇದಿತ ಮಹಿಳೆಯರಿಗಾಗಿ 2013ರಲ್ಲಿ ಆರಂಭವಾದ ಮನಸ್ವಿನಿ ಮಾಸಾಶನ 40ರಿಂದ 64 ವಯಸ್ಸಿನವರಿಗೆ. ಮಕ್ಕಳು ಚಿಕ್ಕವಿದ್ದು ಅಗತ್ಯ ಹೆಚ್ಚಾಗಿರುವ 25, 30ರ ವಯಸ್ಸಿನಲ್ಲಿ ಅದು ಇಲ್ಲ.

ಹೆಣ್ಣಿನ ಕೈಗೆ ಹಣ ಬಂದರೆ ಸಂಸಾರಗಳು ಮುರಿಯುತ್ತವೆ ಎಂಬ ಅಂಜಿಕೆ ಕೆಲವರಿಗಿದೆ. 2011ರ ಜನಗಣತಿಯ ಒಂದು ಲೆಕ್ಕವನ್ನು ಅವರು ನೋಡಬೇಕು. ದೇಶದಲ್ಲಿ ವಿಚ್ಛೇದಿತರೆಂದು ಬರೆಸಿದವರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆಯಾಗಿರುವವರು ಸುಮಾರು 35 ಲಕ್ಷ. ಎರಡರಲ್ಲೂ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಅಂದರೆ ಸಂಸಾರಗಳು ಹೇಗಿದ್ದರೂ ಮುರಿಯುತ್ತಿವೆ. ಹಣವಿಲ್ಲದವರಲ್ಲಿ ಆ ಮುರಿತಕ್ಕೆ ಕಾಗದವಿಲ್ಲ, ಜೀವನಾಂಶವಿಲ್ಲ, ಮರುಮದುವೆಯ ದಾರಿಯೂ ಇಲ್ಲ. ಬಡತನ ಮದುವೆಯನ್ನು ಉಳಿಸುವುದಿಲ್ಲ, ಅದು ಮುರಿದದ್ದನ್ನು ಮುಚ್ಚಿಡುತ್ತದೆ ಅಷ್ಟೆ.

ಇನ್ನೊಂದು ಮಾತೂ ಇದೆ. ಉತಾರದಲ್ಲಿ ಹೆಸರಿರುವ, ಸ್ವಂತ ಖಾತೆಯಲ್ಲಿ ಹಣವಿರುವ ಹೆಂಡತಿ ಗಂಡನನ್ನು ಬಿಟ್ಟೇ ಹೋಗುತ್ತಾಳೆ ಎಂದಲ್ಲ. ಹೋಗಬಲ್ಲಳು ಎಂಬುದು ಗಂಡನಿಗೂ ಅತ್ತೆಮಾವಂದಿರಿಗೂ ಗೊತ್ತಿದ್ದಾಗ ಮನೆಯೊಳಗಿನ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಹೋಗಲು ಜಾಗವಿದ್ದೂ ಉಳಿದವಳ ಸಂಸಾರಕ್ಕೂ ಹೋಗಲು ಜಾಗವಿಲ್ಲದೆ ಉಳಿದವಳ ಸಂಸಾರಕ್ಕೂ ಅಂತರ ಬಹಳ. ಮಗಳ ಮದುವೆಗೆಂದು ಸಾಲ ಮಾಡಿ ವರೋಪಚಾರ ಕೊಡುವ ತಂದೆ, ಅದರ ಬದಲು ಅವಳ ಪಾಲಿನ ನೆಲವನ್ನು ಅವಳ ಹೆಸರಿಗೆ ಹಚ್ಚಿದರೆ ಅವಳಿಗೆ ಸೋಡಚೀಟಿಯ ಅಗತ್ಯ ಎಂದೂ ಬಾರದಿರಬಹುದು. ಬಂದರೂ, ‘ಎಲ್ಲಿಗೆ ಹೋಗಲಿ?’ ಎಂದು ಅವಳು ಕೇಳಬೇಕಾಗಿರುವುದಿಲ್ಲ.